ಯಂತ್ರದ ಲೆಕ್ಕ, ಒಡೆಯನ ಹೊಣೆ

(ವಿಶಾಖಪಟ್ಟಣದಲ್ಲಿ ರಾಜ್ಯೋತ್ಸವದ ಅಂಗವಾಗಿ ಸಂಘದ ಸದಸ್ಯರ ಮುಂದೆ ಮಾಡಿದ ಭಾಷಣದ ಬರೆಹರೂಪ)



ರಾಜ್ಯೋತ್ಸವದ ವೇದಿಕೆಯಿಂದ ನಾಡು, ನುಡಿ, ಅರಸರು, ಕವಿಗಳು ಇವರ ವಿಚಾರವನ್ನು ಕೇಳುವುದು ತಮಗೆ ವಾಡಿಕೆ. ಈ ದಿನ ನಾವು ಎತ್ತಿಕೊಂಡಿರುವುದು ಲೆಕ್ಕದ ವಿಚಾರ. ಹಬ್ಬದ ದಿನ ಜಮಾಖರ್ಚಿನ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಆದರೆ ೧೯೫೬ನೆಯ ಇಸವಿಯ ನವೆಂಬರ್ ೧ರಂದು ಅತ್ತ ವಿಶಾಲ ಮೈಸೂರು ರಾಜ್ಯವೂ ಇತ್ತ ಆಂಧ್ರಪ್ರದೇಶವೂ ಒಂದೇ ದಿನ ಹುಟ್ಟಿದವು. ಹಾಗೆ ಹುಟ್ಟಿದ ಎರಡು ನಾಡುಗಳ ನಡುವೆ ಹೊಟ್ಟೆಪಾಡಿಗಾಗಿ ಓಡಾಡಿಕೊಂಡಿರುವ ನಮ್ಮಂಥವರಿಗೆ ಉದ್ಯೋಗದ ವಿಚಾರವೂ ನಾಡಿನ ವಿಚಾರವೇ ಸರಿ.

ನಮ್ಮಲ್ಲಿ ಹೋಟೆಲು ನಡೆಸುವವರಿದ್ದಾರೆ. ಬಂದರಿನಲ್ಲಿ, ಉಕ್ಕಿನ ಕಾರ್ಖಾನೆಯಲ್ಲಿ, ರೈಲ್ವೆಯಲ್ಲಿ ದುಡಿಯುವವರಿದ್ದಾರೆ. ಬ್ಯಾಂಕಿನವರಂತೂ ಇದ್ದೇ ಇದ್ದೇವೆ. ೧೯೦೬ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕೂ ೧೯೨೩ರಲ್ಲಿ ಮಚಲೀಪಟ್ಟಣದಲ್ಲಿ ಹುಟ್ಟಿದ ಆಂಧ್ರ ಬ್ಯಾಂಕೂ ೨೦೨೦ರ ಏಪ್ರಿಲ್ ೧ರಂದು ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋದವು. ಅಂದಿನಿಂದ ಉಡುಪಿಯ ಮಗನೂ ಮಚಲೀಪಟ್ಟಣದ ಮಗಳೂ ಒಂದೇ ಕೌಂಟರಿನ ಹಿಂದೆ ಕುಳಿತಿದ್ದಾರೆ. ಅವರು ಮನೆಯಲ್ಲಿ ಆಡುವ ಮಾತು ಬೇರೆಯಾದರೂ ಸಂಜೆಗೆ ಕೇಳಿಕೊಳ್ಳುವ ಪ್ರಶ್ನೆ ಒಂದೇ: ಲೆಕ್ಕ ತಾಳೆಯಾಯಿತೆ?

ತಾಳೆಯಾಗದಿದ್ದರೆ? ಹಿಂದಿನವರು ಅದಕ್ಕೆ ಉಪಾಯ ಕಂಡುಕೊಂಡಿದ್ದರು. ವ್ಯತ್ಯಾಸದ ಮೊತ್ತವನ್ನು ೯ರಿಂದ ಭಾಗಿಸಿ ನೋಡುವುದು. ನಿಶ್ಶೇಷವಾಗಿ ಹೋದರೆ ಎಲ್ಲೋ ೫೪ನ್ನು ೪೫ ಎಂದು ಬರೆದಿರಬಹುದು ಎಂದು ಹುಡುಕುವುದು. ಕಿರ್ದಿಯಿಂದ ಖಾತೆಗೆ, ಖಾತೆಯಿಂದ ಚೀಟಿಗೆ ಬೆರಳಿಟ್ಟುಕೊಂಡು ಹೋದರೆ ತಪ್ಪು ಎಲ್ಲಿ ಕುಳಿತಿದೆಯೆಂದು ಕಣ್ಣಿಗೆ ಕಾಣುತ್ತಿತ್ತು. ತಪ್ಪು ಯಾರದು ಎಂಬ ಜಗಳವಿದ್ದರೂ ಪುಸ್ತಕ ಎಲ್ಲರ ಮುಂದೆ ತೆರೆದಿರುತ್ತಿತ್ತು. ಈಗ ಕಿರ್ದಿ ಯಂತ್ರದ ಹೊಟ್ಟೆಯೊಳಗಿದೆ. ನಾವು ಗುಂಡಿ ಒತ್ತುತ್ತೇವೆ, ಅದು ಕೊನೆಯ ಮೊತ್ತವನ್ನು ಹೇಳುತ್ತದೆ. ನಡುವೆ ನಡೆದುದೇನು ಎಂಬುದು ಕೌಂಟರಿನವನಿಗೆ ಕಾಣದು. ಯಂತ್ರ ಹೇಳಿದುದು ತಪ್ಪಾಗಿದ್ದು, ಅದರ ಮೇಲೆ ವ್ಯಾಜ್ಯ ಹುಟ್ಟಿ, ಆ ವ್ಯಾಜ್ಯವನ್ನು ನಡೆಸುತ್ತಿರುವವನು ಸರ್ಕಾರದ ಒಡೆತನದ ಸಂಸ್ಥೆಯೇ ಆಗಿದ್ದರೆ, ಒಡೆಯನಾದ ಸರ್ಕಾರದ ಕರ್ತವ್ಯವೇನು? ಈ ಪ್ರಶ್ನೆಗೆ ಉತ್ತರವನ್ನು ಪಡೆಯಲು ಇಂಗ್ಲೆಂಡು ದೇಶ ಇಪ್ಪತ್ತೈದು ವರ್ಷಗಳನ್ನೂ ನೂರಾರು ಕುಟುಂಬಗಳ ಬಾಳನ್ನೂ ತೆರಬೇಕಾಯಿತು. ಆ ಕತೆಯನ್ನು ಇಲ್ಲಿ ಹೇಳುತ್ತೇವೆ.

೧

ಬ್ರಿಟನ್ನಿನ ಊರೂರಲ್ಲಿ ಅಂಚೆ ಕಛೇರಿ ಎಂದರೆ ಬಹುಮಟ್ಟಿಗೆ ಒಂದು ಅಂಗಡಿಯ ಮೂಲೆ. ಅದನ್ನು ನಡೆಸುವ ಸಬ್ ಪೋಸ್ಟ್‌ಮಾಸ್ಟರು ಸಂಬಳದ ನೌಕರನಲ್ಲ. ಕರಾರು ಬರೆದುಕೊಟ್ಟು, ತನ್ನ ಉಳಿತಾಯವನ್ನೆಲ್ಲ ಸುರಿದು ಅಂಗಡಿಯನ್ನು ಕೊಂಡು, ಅಂಚೆಯ ಕೆಲಸವನ್ನು ವಹಿಸಿಕೊಂಡವನು. ನಮ್ಮ ದೇಶದಿಂದ ಹೋದ ಅನೇಕ ಕುಟುಂಬಗಳೂ ಈ ಜೀವನೋಪಾಯವನ್ನು ಹಿಡಿದಿದ್ದವು. ೧೯೯೯ರಿಂದ ಈ ಕಛೇರಿಗಳಿಗೆ ಹೊರೈಜನ್ ಎಂಬ ಗಣಕ ವ್ಯವಸ್ಥೆ ಬಂದಿತು. ಅದನ್ನು ಕಟ್ಟಿದ್ದು ಜಪಾನಿನ ಫುಜಿತ್ಸು ಕಂಪನಿಯ ಒಡೆತನಕ್ಕೆ ಸೇರಿದ್ದ ಐ.ಸಿ.ಎಲ್. ಸಂಸ್ಥೆ.

ಕೆಲವೇ ದಿನಗಳಲ್ಲಿ ಅಲ್ಲೊಂದು ಇಲ್ಲೊಂದು ಊರಿನಲ್ಲಿ ಕೊರತೆ ಕಾಣಿಸಿಕೊಂಡಿತು. ಪೆಟ್ಟಿಗೆಯಲ್ಲಿ ಇರುವ ಹಣಕ್ಕಿಂತ ಹೆಚ್ಚು ಹಣ ಇರಬೇಕೆಂದು ಯಂತ್ರ ಹೇಳತೊಡಗಿತು. ಹ್ಯಾಂಪ್‌ಷೈರಿನ ಜೋ ಹ್ಯಾಮಿಲ್ಟನ್ ಎಂಬಾಕೆ ಸಹಾಯಕ್ಕೆಂದು ದೂರವಾಣಿ ಮಾಡಿ, ಆ ಕಡೆಯವರು ಹೇಳಿದಂತೆ ಮಾಡುತ್ತಿರುವಾಗಲೇ ಕಣ್ಣ ಮುಂದೆ ಕೊರತೆ ಇಮ್ಮಡಿಯಾಯಿತು. ಸ್ಕಾಟ್ಲೆಂಡಿನ ಡಾಲ್ಮೆಲಿಂಗ್‌ಟನ್ ಎಂಬ ಊರಿನ ಹೆಸರಿನಿಂದ ಪ್ರಸಿದ್ಧವಾದ ದೋಷವನ್ನು ನೋಡಿದರೆ ಬ್ಯಾಂಕಿನವರಿಗೆ ವಿಷಯ ಚೆನ್ನಾಗಿ ಅರ್ಥವಾದೀತು. ೨೦೧೫ರಲ್ಲಿ ಅಲ್ಲಿ ೮,೦೦೦ ಪೌಂಡುಗಳ ಒಂದು ರವಾನೆಯನ್ನು ಯಂತ್ರ ನಾಲ್ಕು ಸಲ ಜಮೆ ಮಾಡಿಕೊಂಡಿತು. ಬಂದದ್ದು ೮,೦೦೦, ಬಂದಿರಬೇಕೆಂದು ಲೆಕ್ಕ ಹೇಳಿದ್ದು ೩೨,೦೦೦. ಯಾರೂ ಒಂದು ಕಾಸನ್ನೂ ಮುಟ್ಟದೆ ೨೪,೦೦೦ ಪೌಂಡುಗಳ ಕೊರತೆ ಹುಟ್ಟಿಕೊಂಡಿತು.

ಇಂತಹ ವ್ಯತ್ಯಾಸ ಬಂದಾಗ ಸಸ್ಪೆನ್ಸ್ ಖಾತೆಗೆ ಹಾಕಿ, ವಿಚಾರಣೆ ಮುಗಿಯುವ ತನಕ ಬದಿಗಿಡುವುದು ಲೆಕ್ಕ ಬಲ್ಲವರ ಪದ್ಧತಿ. ೨೦೦೫ರಲ್ಲಿ ಆ ಅನುಕೂಲವನ್ನು ಅಂಚೆ ಸಂಸ್ಥೆ ತೆಗೆದುಹಾಕಿತು. ಅವಧಿಯ ಕೊನೆಗೆ ಯಂತ್ರದ ಲೆಕ್ಕವನ್ನು ಒಪ್ಪಿಕೊಂಡರೆ ಮಾತ್ರ ಮರುದಿನ ಅಂಗಡಿಯ ವ್ಯಾಪಾರ ಮುಂದುವರಿಯುವುದು. "ಈ ಲೆಕ್ಕಕ್ಕೆ ನನ್ನ ತಕರಾರಿದೆ" ಎಂದು ಹೇಳುವ ಗುಂಡಿ ಆ ಯಂತ್ರದಲ್ಲಿ ಇರಲಿಲ್ಲ. ಸುಳ್ಳು ಲೆಕ್ಕಕ್ಕೆ ಒಪ್ಪಿಗೆ ಕೊಟ್ಟವನ ಮೇಲೆ ಆಮೇಲೆ ಸುಳ್ಳು ಲೆಕ್ಕ ಬರೆದ ಆರೋಪವೇ ಬಂತು. ಕೇಳಿದವರಿಗೆಲ್ಲ ದೊರಕಿದ ಉತ್ತರ ಒಂದೇ: ಬೇರೆ ಯಾರಿಗೂ ಈ ತೊಂದರೆಯಿಲ್ಲ, ನಿಮಗೊಬ್ಬರಿಗೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ಯಂತ್ರದ ರೋಗಕ್ಕೆ ಮನುಷ್ಯರ ಮೇಲೆ ಬರೆ ಬಿತ್ತು.

ಅಲ್ಲಿಯ ಕಾನೂನಿನಲ್ಲಿ ಯಾರು ಬೇಕಾದರೂ ಖಾಸಗಿಯಾಗಿ ಕ್ರಿಮಿನಲ್ ಮೊಕದ್ದಮೆ ಹೂಡಬಹುದು. ಅದನ್ನು ಬಳಸಿಕೊಂಡು ಅಂಚೆ ಸಂಸ್ಥೆ ತಾನೇ ತನಿಖೆ ಮಾಡಿತು, ತಾನೇ ಆರೋಪ ಹೊರಿಸಿತು. ನಷ್ಟವಾಯಿತೆಂದು ಹೇಳುವವನೂ, ತನಿಖೆ ಮಾಡುವವನೂ, ಮೊಕದ್ದಮೆ ನಡೆಸುವವನೂ ಒಬ್ಬನೇ ಆದ. ಇದಕ್ಕೆ ಕಾನೂನಿನ ಇನ್ನೊಂದು ಬದಲಾವಣೆಯೂ ನೆರವಾಯಿತು. ಗಣಕದ ದಾಖಲೆಯನ್ನು ಸಾಕ್ಷ್ಯವಾಗಿ ತರುವವನು ಯಂತ್ರ ಸರಿಯಾಗಿ ಕೆಲಸ ಮಾಡುತ್ತಿತ್ತೆಂದು ತೋರಿಸಬೇಕೆಂಬ ನಿಯಮ ೧೯೮೪ರ ಕಾಯಿದೆಯಲ್ಲಿತ್ತು. ೧೯೯೯ರ ಕಾಯಿದೆ ಅದನ್ನು ರದ್ದು ಮಾಡಿತು. ಆಮೇಲೆ ಯಂತ್ರ ಸರಿಯಾಗಿದೆಯೆಂದೇ ನ್ಯಾಯಾಲಯಗಳು ಭಾವಿಸತೊಡಗಿದವು. ಸರಿಯಿಲ್ಲವೆಂದು ತೋರಿಸುವ ಭಾರ ಆರೋಪಿಯ ತಲೆಗೆ ಬಂತು. ಯಂತ್ರದ ಒಳಗಿನ ದಾಖಲೆಗಳು ಆರೋಪಿಯ ಕೈಯಲ್ಲಿಲ್ಲ, ಆರೋಪ ಹೊರಿಸುವವನ ಕೈಯಲ್ಲಿವೆ. ಆತ ತೋರಿಸುವುದಾದರೂ ಹೇಗೆ?

೧೯೯೯ರಿಂದ ೨೦೧೫ರವರೆಗೆ ೯೦೦ಕ್ಕೂ ಹೆಚ್ಚು ಮಂದಿ ಸಬ್ ಪೋಸ್ಟ್‌ಮಾಸ್ಟರರಿಗೆ ಶಿಕ್ಷೆಯಾಯಿತು. ಅವರಲ್ಲಿ ಸುಮಾರು ೭೦೦ ಮಂದಿಯ ಮೇಲೆ ಮೊಕದ್ದಮೆ ಹೂಡಿದವರು ಅಂಚೆ ಸಂಸ್ಥೆಯವರೇ. ಭಾರತೀಯ ಮೂಲದ ಸೀಮಾ ಮಿಶ್ರಾ ಎಂಬಾಕೆ ಸರ‍್ರೆ ಪ್ರಾಂತ್ಯದ ವೆಸ್ಟ್ ಬೈಫ್ಲೀಟಿನಲ್ಲಿ ಅಂಚೆ ಕಛೇರಿ ನಡೆಸುತ್ತಿದ್ದವರು. ಸುಮಾರು ೭೪,೦೦೦ ಪೌಂಡುಗಳ ಕೊರತೆಗಾಗಿ ೨೦೧೦ರ ನವೆಂಬರಿನಲ್ಲಿ ಅವರಿಗೆ ೧೫ ತಿಂಗಳ ಸೆರೆವಾಸ ವಿಧಿಸಿದರು. ಆಗ ಅವರು ಗರ್ಭಿಣಿ. ಆ ದಿನ ಅವರ ಹಿರಿಯ ಮಗನ ಹತ್ತನೆಯ ಹುಟ್ಟುಹಬ್ಬ. ಬ್ರಿಡ್ಲಿಂಗ್‌ಟನ್ನಿನ ಲೀ ಕ್ಯಾಸಲ್ಟನ್ ಸುಮಾರು ೨೫,೦೦೦ ಪೌಂಡುಗಳ ಕೊರತೆಯನ್ನು ಒಪ್ಪದೆ, ವಕೀಲರಿಲ್ಲದೆ ತಾವೇ ನಿಂತು ವಾದಿಸಿದರು. ೨೦೦೭ರ ತೀರ್ಪಿನಲ್ಲಿ ಸೋತು, ಎದುರು ಪಕ್ಷದ ಖರ್ಚೆಂದು ೩,೨೧,೦೦೦ ಪೌಂಡು ಕೊಡಬೇಕಾಗಿ ಬಂದು ದಿವಾಳಿಯಾದರು. ಅಂಚೆ ಸಂಸ್ಥೆಯ ತನಿಖೆಗಾರರು ಶಂಕಿತರನ್ನು ಜನಾಂಗದ ಲಕ್ಷಣಗಳಂತೆ ವಿಂಗಡಿಸಲು ಬಳಸುತ್ತಿದ್ದ, ಹೀನಾಯ ಮಾತುಗಳಿದ್ದ ಒಂದು ಕಾಗದವೂ ೨೦೨೩ರಲ್ಲಿ ಹೊರಬಿತ್ತು. ಪರಸ್ಥಳದಲ್ಲಿ ಬಾಳುವವರ ಮೇಲೆ ಸಂಶಯ ಎಷ್ಟು ಬೇಗ ಬಂದು ಕೂರುತ್ತದೆ ಎಂಬುದನ್ನು ಈ ಸಭೆಗೆ ವಿವರಿಸಬೇಕಾಗಿಲ್ಲ.

೨

ಇನ್ನು ಒಡೆಯನ ವಿಚಾರ. ಈ ಅಂಚೆ ಸಂಸ್ಥೆಯ ಒಡೆಯನಾರು? ಬ್ರಿಟನ್ನಿನ ಸರ್ಕಾರವೇ. ೨೦೧೨ರಲ್ಲಿ ರಾಯಲ್ ಮೇಲ್ ಸಂಸ್ಥೆಯಿಂದ ಬೇರೆಯಾದ ಮೇಲೆ ಪೋಸ್ಟ್ ಆಫೀಸ್ ಲಿಮಿಟೆಡ್ಡಿನ ಏಕೈಕ ಒಡೆಯನಾಗಿ ಸರ್ಕಾರ ಉಳಿಯಿತು. ಅದಕ್ಕೆ ಒಬ್ಬ ಮಂತ್ರಿಯಿದ್ದರು, ಒಂದು ಇಲಾಖೆಯಿತ್ತು, ಸರ್ಕಾರದ ಉದ್ಯಮಗಳ ಮೇಲ್ವಿಚಾರಣೆಗೆಂದೇ ಮತ್ತೊಂದು ಸಂಸ್ಥೆಯಿದ್ದು, ಅದರ ಪ್ರತಿನಿಧಿ ಅಂಚೆಯ ಆಡಳಿತ ಮಂಡಲಿಯಲ್ಲಿ ಕುಳಿತಿದ್ದರು. ಕಣ್ಣುಗಳಿಗೆ ಕೊರತೆಯಿರಲಿಲ್ಲ. ಹಾಗಿದ್ದೂ ಏನೂ ಕಾಣಲಿಲ್ಲವೇಕೆ?

ವೇಲ್ಸಿನ ಲ್ಯಾಂಡುಡ್ನೋದ ಬಳಿ ಅಂಚೆ ಕಛೇರಿ ನಡೆಸಿ, ಯಂತ್ರದ ಲೆಕ್ಕವನ್ನು ಪ್ರಶ್ನಿಸಿ ೨೦೦೩ರಲ್ಲಿ ಅದನ್ನು ಕಳೆದುಕೊಂಡ ಅಲನ್ ಬೇಟ್ಸ್ ಎಂಬವರು ೨೦೧೦ರಲ್ಲಿ ಅಂಚೆಯ ಮಂತ್ರಿ ಎಡ್ ಡೇವಿಯವರಿಗೆ ಕಾಗದ ಬರೆದು ಭೇಟಿ ಕೇಳಿದರು. ಭೇಟಿಯಿಂದ ಪ್ರಯೋಜನವಾಗಲಾರದು, ಅಂಚೆ ಸಂಸ್ಥೆಯ ವ್ಯವಹಾರದಿಂದ ಸರ್ಕಾರ ದೂರ ನಿಲ್ಲುವ ಸಂಬಂಧವನ್ನು ಇಟ್ಟುಕೊಂಡಿದೆ ಎಂಬ ಅರ್ಥದ ಉತ್ತರ ಬಂತು. ಬೇಟ್ಸ್ ಪಟ್ಟು ಬಿಡದ ಮೇಲೆ ಅದೇ ವರ್ಷ ಭೇಟಿಯೇನೋ ಆಯಿತು. ಆದರೆ ಈ 'ದೂರ ನಿಲ್ಲುವುದು' ಎಂಬ ಮಾತು ಮುಂದೆ ಹತ್ತು ವರ್ಷ ಎಲ್ಲರಿಗೂ ಮರೆಯಾಗಲು ಒಂದು ಕಂಬವಾಯಿತು.

೨೦೧೨ರಲ್ಲಿ ಪಾರ್ಲಿಮೆಂಟಿನ ಸದಸ್ಯರ ಒತ್ತಾಯದಿಂದ ಸೆಕೆಂಡ್ ಸೈಟ್ ಎಂಬ ಲೆಕ್ಕ ತನಿಖೆಯ ಸಂಸ್ಥೆಯನ್ನು ನೇಮಿಸಿದರು. ೨೦೧೩ರ ಜುಲೈಯಲ್ಲಿ ಬಂದ ಮಧ್ಯಂತರ ವರದಿಯಲ್ಲಿ ಎರಡು ಮಾತುಗಳಿದ್ದವು. ಇಡೀ ವ್ಯವಸ್ಥೆಯನ್ನು ವ್ಯಾಪಿಸಿದ ದೋಷಕ್ಕೆ ಆ ವರೆಗೆ ಪುರಾವೆ ಸಿಕ್ಕಿಲ್ಲ ಎಂಬುದು ಒಂದು. ಎರಡು ದೋಷಗಳಿಂದ ೭೬ ಶಾಖೆಗಳ ಲೆಕ್ಕ ಕೆಟ್ಟಿತ್ತು ಎಂಬುದು ಇನ್ನೊಂದು. ಅಂಚೆ ಸಂಸ್ಥೆ ಮೊದಲನೆಯ ಮಾತನ್ನು ಹಿಡಿದು ಸಾರಿತು. ಸರ್ಕಾರದ ಪಕ್ಷದಿಂದ ಪಾರ್ಲಿಮೆಂಟಿನಲ್ಲಿ ಹೇಳಿದ್ದೂ ಅದನ್ನೇ. ೭೬ ಶಾಖೆಗಳ ಲೆಕ್ಕ ತಪ್ಪಿದೆಯೆಂದರೆ ಒಬ್ಬ ಸಾಮಾನ್ಯ ಗುಮಾಸ್ತನೂ ಕೇಳುವ ಪ್ರಶ್ನೆ, "೭೭ನೆಯದು ಎಲ್ಲಿದೆ?" ಎಂಬುದು. ಒಡೆಯನಾದ ಸರ್ಕಾರ ಆ ಪ್ರಶ್ನೆಯನ್ನು ಕೇಳಲಿಲ್ಲ. ಅದೇ ತಿಂಗಳು ಅಂಚೆ ಸಂಸ್ಥೆಯ ವಕೀಲರೊಬ್ಬರು, ಅನೇಕ ಮೊಕದ್ದಮೆಗಳಿಗೆ ಆಧಾರವಾಗಿದ್ದ ಫುಜಿತ್ಸು ತಜ್ಞನ ಸಾಕ್ಷ್ಯವನ್ನು ನೆಚ್ಚುವಂತಿಲ್ಲವೆಂದು ಲಿಖಿತ ಅಭಿಪ್ರಾಯ ಕೊಟ್ಟರು. ಶಿಕ್ಷೆ ಅನುಭವಿಸಿದವರ ಕೈಗೆ ಆ ಕಾಗದ ತಲುಪಿದ್ದು ೨೦೨೦ರಲ್ಲಿ.

೨೦೧೬ರ ಆರಂಭದಲ್ಲಿ ಅಂಚೆ ಸಂಸ್ಥೆಯ ಅಧ್ಯಕ್ಷರಿಗಾಗಿ ಹಿರಿಯ ನ್ಯಾಯವಾದಿ ಜೊನಾಥನ್ ಸ್ವಿಫ್ಟ್ ಒಂದು ಪರಿಶೀಲನಾ ವರದಿಯನ್ನು ಸಿದ್ಧಪಡಿಸಿದರು. ಶಾಖೆಯ ಲೆಕ್ಕವನ್ನು ಫುಜಿತ್ಸು ದೂರದಿಂದಲೇ ತಿದ್ದಬಹುದೆ ಎಂಬುದೂ ಅವರು ಎತ್ತಿದ ಪ್ರಶ್ನೆಗಳಲ್ಲಿ ಒಂದು. ಆ ವರದಿ ಆಡಳಿತ ಮಂಡಲಿಯ ಮುಂದೆ ಬರಲಿಲ್ಲ. ಅದನ್ನು ಹಂಚಿಕೊಳ್ಳದೆ ಇದ್ದುದು ತಪ್ಪೆಂದು ಇಲಾಖೆಯ ಮುಖ್ಯ ಕಾರ್ಯದರ್ಶಿ ಬರೆದದ್ದು ೨೦೨೦ರಲ್ಲಿ, ಎಲ್ಲ ಮುಗಿದ ಮೇಲೆ.

ಈ ನಡುವೆ ೨೦೧೬ರಲ್ಲಿಯೇ ಬೇಟ್ಸ್ ಮತ್ತು ಸಂಗಡಿಗರು ಉಚ್ಚ ನ್ಯಾಯಾಲಯದಲ್ಲಿ ಸಾಮೂಹಿಕ ದಾವೆ ಹೂಡಿದ್ದರು. ಕೊನೆಗೆ ವಾದಿಗಳ ಸಂಖ್ಯೆ ೫೫೫ ಆಯಿತು. ಅಂಚೆ ಸಂಸ್ಥೆ ಸಾರ್ವಜನಿಕರ ಹಣದಿಂದ ನಾಡಿನ ದೊಡ್ಡ ವಕೀಲರನ್ನು ನಿಲ್ಲಿಸಿತು. ವಾದಿಗಳು ಬಡ್ಡಿಗೆ ಸಾಲ ತಂದಂತೆ, ದಾವೆಗೆ ಬಂಡವಾಳ ಹಾಕುವವರನ್ನು ಹಿಡಿದು ಹೋರಾಡಿದರು. ೨೦೧೮ರಲ್ಲಿ ಇಲಾಖೆಗೂ ಅಂಚೆ ಸಂಸ್ಥೆಗೂ ನಡುವೆ ಈ ದಾವೆಯ ಸುದ್ದಿಯನ್ನು ಹೇಗೆ ಹಂಚಿಕೊಳ್ಳಬೇಕೆಂಬ ಒಂದು ಕಟ್ಟಳೆ ಏರ್ಪಟ್ಟಿತು. ವಕೀಲರ ಸಲಹೆ ಗೋಪ್ಯವಾಗಿ ಉಳಿಯಬೇಕೆಂಬ ಎಚ್ಚರಿಕೆ ಅದರ ಹಿಂದಿತ್ತು. ಕಾನೂನಿನ ದೃಷ್ಟಿಯಿಂದ ಅದರಲ್ಲಿ ತಪ್ಪೇನಿಲ್ಲ. ಆದರೆ ಒಡೆಯನಿಗೆ ಸುದ್ದಿ ಬರುತ್ತಿದ್ದುದು ವ್ಯಾಜ್ಯ ನಡೆಸುತ್ತಿರುವ ತನ್ನ ಕೈಕೆಳಗಿನವರಿಂದ ಮಾತ್ರ. ಅವರು ಗೆಲ್ಲುತ್ತೇವೆ ಎಂದರು, ಇವರು ನಂಬಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದಂತಾಯಿತು.

೨೦೧೯ರ ಮಾರ್ಚ್ ೧೫ರಂದು ನ್ಯಾಯಮೂರ್ತಿ ಪೀಟರ್ ಫ್ರೇಸರ್ ಕೊಟ್ಟ ಮೊದಲ ದೊಡ್ಡ ತೀರ್ಪು ಬಹುಮಟ್ಟಿಗೆ ವಾದಿಗಳ ಪರವಾಗಿತ್ತು. ಒಂದು ವಾರದೊಳಗೆ ಅಂಚೆ ಸಂಸ್ಥೆ, ಈ ನ್ಯಾಯಮೂರ್ತಿ ಪಕ್ಷಪಾತಿಯಂತೆ ಕಾಣುತ್ತಾರೆ, ಇವರು ಪ್ರಕರಣವನ್ನು ಬಿಟ್ಟುಕೊಡಬೇಕು ಎಂದು ಅರ್ಜಿ ಹಾಕಿತು. ಸರ್ಕಾರದ ಒಡೆತನದ ಸಂಸ್ಥೆಯೊಂದು ನ್ಯಾಯಾಧೀಶರನ್ನೇ ತೆಗೆಯಿರಿ ಎಂದು ಕೇಳುವುದು ಸಣ್ಣ ಮಾತಲ್ಲ. ಆ ತೀರ್ಮಾನದ ಹೊತ್ತಿಗೆ ಮಂಡಲಿಯಲ್ಲಿದ್ದ ಸರ್ಕಾರದ ಪ್ರತಿನಿಧಿ, ಇದರಲ್ಲಿ ಸರ್ಕಾರದ ಕೈ ಕಾಣಬಾರದೆಂದು ತಾವು ಪಾಲುಗೊಳ್ಳದೆ ಹಿಂದೆ ಸರಿದರು. ಒಡೆಯ ಬೇಡವೆನ್ನಬೇಕಾಗಿದ್ದ ಗಳಿಗೆಯಲ್ಲಿ ಒಡೆಯನ ಕುರ್ಚಿ ಬರಿದಾಯಿತು. ಅರ್ಜಿಯನ್ನು ಫ್ರೇಸರ್ ತಳ್ಳಿಹಾಕಿದರು. ಮೇಲಿನ ನ್ಯಾಯಾಲಯವೂ ಅದಕ್ಕೆ ಅವಕಾಶ ಕೊಡಲಿಲ್ಲ. ತಿಂಗಳುಗಟ್ಟಲೆ ಕಾಲವೂ ಹಣವೂ ವ್ಯರ್ಥವಾಯಿತು. ಹಣದ ಚಿಂತೆ ಹೆಚ್ಚಾಗಿ ಇದ್ದುದು ಬಡ ಪಕ್ಷಕ್ಕೆ.

ಆ ವರ್ಷದ ಡಿಸೆಂಬರಿನಲ್ಲಿ ೫.೭೭೫ ಕೋಟಿ ಪೌಂಡುಗಳಿಗೆ ರಾಜಿಯಾಯಿತು. ಅದರಲ್ಲಿ ಸುಮಾರು ೪.೬ ಕೋಟಿ ಪೌಂಡು ದಾವೆಯ ಖರ್ಚಿಗೂ ಬಂಡವಾಳ ಹಾಕಿದವರಿಗೂ ಹೋಯಿತು. ಉಳಿದುದನ್ನು ೫೫೫ ಜನ ಹಂಚಿಕೊಂಡರೆ ತಲೆಗೆ ಸುಮಾರು ೨೦,೦೦೦ ಪೌಂಡು. ಮನೆ ಕಳೆದುಕೊಂಡವರಿಗೆ, ಸೆರೆಮನೆ ಕಂಡವರಿಗೆ ಇದೇ ಗೆಲುವು! ಕೆಲವು ದಿನಗಳ ಮೇಲೆ ಡಿಸೆಂಬರ್ ೧೬ರಂದು ಬಂದ ಎರಡನೆಯ ತೀರ್ಪು, ಹೊರೈಜನ್ನಿನಲ್ಲಿ ಲೆಕ್ಕ ಕೆಡಿಸುವ ದೋಷಗಳಿದ್ದುವು ಎಂದು ನಿಸ್ಸಂದೇಹವಾಗಿ ಸಾರಿತು. ಅಂಚೆ ಸಂಸ್ಥೆಯ ವಾದವನ್ನು ನ್ಯಾಯಮೂರ್ತಿಗಳು ಭೂಮಿ ಚಪ್ಪಟೆಯಾಗಿದೆ ಎಂದು ಹಟ ಹಿಡಿಯುವುದಕ್ಕೆ ಹೋಲಿಸಿದರು.

ಮುಂದಿನದನ್ನು ಬೇಗ ಹೇಳಿಬಿಡುತ್ತೇವೆ. ೨೦೨೧ರ ಏಪ್ರಿಲ್ ೨೩ರಂದು ೩೯ ಮಂದಿಯ ಶಿಕ್ಷೆಯನ್ನು ಮೇಲ್ಮನವಿ ನ್ಯಾಯಾಲಯ ರದ್ದು ಮಾಡಿತು; ಸೀಮಾ ಮಿಶ್ರಾ ಅವರಲ್ಲಿ ಒಬ್ಬರು. ೨೦೨೪ರ ಜನವರಿಯಲ್ಲಿ ದೂರದರ್ಶನದಲ್ಲಿ ಈ ಕತೆಯ ನಾಟಕ ಬಂದು ದೇಶವೇ ಎದ್ದು ಕುಳಿತಿತು. ಆಗ ಪ್ರಧಾನಿಯಾಗಿದ್ದವರು ನಮ್ಮ ಬೆಂಗಳೂರಿನ ಅಳಿಯ ಋಷಿ ಸುನಕ್. ಅದೇ ವರ್ಷದ ಮೇ ೨೪ರಂದು ಉಳಿದ ಶಿಕ್ಷೆಗಳನ್ನೂ ಒಟ್ಟಾಗಿ ರದ್ದು ಮಾಡುವ ಕಾಯಿದೆಗೆ ಅಂಗೀಕಾರ ದೊರೆಯಿತು. ಸರ್ ವಿನ್ ವಿಲಿಯಮ್ಸ್ ಅವರ ಸಾರ್ವಜನಿಕ ವಿಚಾರಣೆಯ ಮೊದಲ ಸಂಪುಟ ೨೦೨೫ರ ಜುಲೈ ೮ರಂದು ಹೊರಬಂತು. ಕನಿಷ್ಠ ೧೩ ಮಂದಿಯ ಆತ್ಮಹತ್ಯೆಗೆ ಈ ಪ್ರಕರಣ ಕಾರಣವಾಗಿರಬಹುದು ಎಂದು ಅದರಲ್ಲಿದೆ. ೨೦೨೫ರ ಮಧ್ಯದ ಹೊತ್ತಿಗೆ ಸರ್ಕಾರ ಕೊಟ್ಟ ಪರಿಹಾರ ೧೦೦ ಕೋಟಿ ಪೌಂಡುಗಳನ್ನು ದಾಟಿತ್ತು.

ಇಲ್ಲಿ ಲೆಕ್ಕಿಗರು ಒಂದು ಗಳಿಗೆ ನಿಲ್ಲಬೇಕು. ಇದು ನಮ್ಮದಲ್ಲ, ನಾವು ದೂರ ನಿಂತಿದ್ದೇವೆ ಎಂದ ಒಡೆಯನೇ ಕೊನೆಗೆ ಹಣ ಕಟ್ಟಿದ. ಒಡೆತನದಲ್ಲಿ ದೂರ ಎಂಬುದು ಹೊಣೆಯನ್ನು ತಪ್ಪಿಸುವುದಿಲ್ಲ, ಮುಂದಕ್ಕೆ ತಳ್ಳುತ್ತದೆ. ತಳ್ಳಿದಷ್ಟು ದಿನವೂ ಬಡ್ಡಿ ಬೆಳೆಯುತ್ತದೆ. ಆ ಬಡ್ಡಿಯ ಒಂದು ಪಾಲನ್ನು ತೆರಿಗೆ ಕೊಡುವವರು ತೆತ್ತರೆ, ಇನ್ನೊಂದು ಪಾಲನ್ನು ಅಂಚೆ ಕಛೇರಿಯ ಹಿಂದೆ ನಿಂತಿದ್ದ ಅಮಾಯಕರು ತೆತ್ತರು.

೩

ಹಾಗಾದರೆ ಸರ್ಕಾರ ತನ್ನ ಸಂಸ್ಥೆಗಳ ಪ್ರತಿಯೊಂದು ವ್ಯಾಜ್ಯದಲ್ಲಿಯೂ ಕೈ ಹಾಕಬೇಕೆ? ನಮ್ಮ ದೇಶದಲ್ಲಿ ಅಂತಹ ಒಂದು ಪ್ರಯೋಗ ನಡೆದುಹೋಗಿದೆ. ಸಾರ್ವಜನಿಕ ಉದ್ಯಮಗಳೂ ಸರ್ಕಾರದ ಇಲಾಖೆಗಳೂ ತಮ್ಮತಮ್ಮಲ್ಲಿ ನ್ಯಾಯಾಲಯಕ್ಕೆ ಹೋಗುವ ಮುನ್ನ ಒಂದು ಉನ್ನತ ಸಮಿತಿಯ ಅನುಮತಿ ಪಡೆಯಬೇಕೆಂದು ಸುಪ್ರೀಂ ಕೋರ್ಟು ೧೯೯೧ರಲ್ಲಿ ಏರ್ಪಡಿಸಿತು. ಇಪ್ಪತ್ತು ವರ್ಷಗಳಾದ ಮೇಲೆ, ೨೦೧೧ರಲ್ಲಿ, ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಪ್ರಕರಣದಲ್ಲಿ ಆ ಏರ್ಪಾಡನ್ನು ಕೋರ್ಟೇ ಹಿಂದಕ್ಕೆ ತೆಗೆದುಕೊಂಡಿತು. ಅದರಿಂದ ವಿಳಂಬವೇ ಹೆಚ್ಚಾಯಿತು ಎಂಬುದು ಕಾರಣ. ಅನುಮತಿಯ ಮೊಹರು ಒತ್ತುವುದು ಮೇಲ್ವಿಚಾರಣೆಯಲ್ಲ. ಒಡೆಯ ಕೇಳಬೇಕಾಗಿರುವುದು, "ಗೆಲ್ಲುತ್ತೀರಾ?" ಎಂದೂ ಅಲ್ಲ, "ಖರ್ಚೆಷ್ಟು?" ಎಂದೂ ಅಲ್ಲ, "ನಮ್ಮ ಲೆಕ್ಕ ಸರಿಯಿದೆಯೆ? ಅದನ್ನು ನಮ್ಮವರಲ್ಲದವರು ನೋಡಿದ್ದಾರೆಯೆ?" ಎಂದು. ಬ್ರಿಟನ್ನಿನಲ್ಲಿ ಈ ಒಂದು ಪ್ರಶ್ನೆಯನ್ನು ೨೦೧೩ರಲ್ಲಿ ಬಿಡದೆ ಕೇಳಿದ್ದರೆ ದಾವೆಯ ಅಗತ್ಯವೇ ಬೀಳುತ್ತಿರಲಿಲ್ಲವೆಂದು ನಮ್ಮ ನಂಬಿಕೆ.

ಈ ಪ್ರಶ್ನೆ ಕೇಳಲು ನಮ್ಮ ಕಾನೂನಿನಲ್ಲಿ ಎಡೆಯಿದೆ. ೧೯೦೮ರ ಸಿವಿಲ್ ಪ್ರೊಸೀಜರ್ ಕೋಡಿನ ೮೦ನೆಯ ಪ್ರಕರಣದಂತೆ ಸರ್ಕಾರದ ಮೇಲೆ ದಾವೆ ಹೂಡುವವನು ಎರಡು ತಿಂಗಳ ಮುಂಚೆ ನೋಟೀಸು ಕೊಡಬೇಕು. ಆ ಎರಡು ತಿಂಗಳು ಸರ್ಕಾರ ತನ್ನ ಲೆಕ್ಕವನ್ನು ತಾನೇ ಮರಳಿ ನೋಡಿಕೊಳ್ಳಲಿ ಎಂದು. ಆದರೆ ಇಂತಹ ನೋಟೀಸುಗಳಲ್ಲಿ ಬಹುಪಾಲಿಗೆ ಉತ್ತರವೇ ಹೋಗುವುದಿಲ್ಲ, ಹೋದರೂ ಹುರುಳಿರುವುದಿಲ್ಲ ಎಂದು ಸುಪ್ರೀಂ ಕೋರ್ಟು ೨೦೦೫ರಲ್ಲಿ ಆಕ್ಷೇಪಿಸಿತು.

ಯಂತ್ರದ ಸಾಕ್ಷ್ಯದ ವಿಷಯದಲ್ಲಿ ನಾವು ಇಂಗ್ಲೆಂಡಿಗಿಂತ ಒಂದು ಹೆಜ್ಜೆ ಮುಂದಿದ್ದೇವೆ. ಗಣಕದ ದಾಖಲೆಯನ್ನು ಕೋರ್ಟಿಗೆ ತರಬೇಕಾದರೆ ಯಂತ್ರ ಸರಿಯಾಗಿ ನಡೆಯುತ್ತಿತ್ತೆಂಬ ಪ್ರಮಾಣಪತ್ರ ಬೇಕೆಂಬ ನಿಯಮ ಹಳೆಯ ಸಾಕ್ಷ್ಯ ಕಾಯಿದೆಯಲ್ಲಿಯೂ ಇತ್ತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ ೬೩ನೆಯ ಪ್ರಕರಣದಲ್ಲಿಯೂ ಇದೆ. ಬ್ಯಾಂಕಿನ ಪುಸ್ತಕಗಳಿಗೆ ೧೮೯೧ರ ಕಾಯಿದೆಯೇ ಇದೆ. ಅದಕ್ಕೆ ೨೦೦೦ದಲ್ಲಿ ಸೇರಿಸಿದ ೨ಎ ಪ್ರಕರಣದಂತೆ ಗಣಕದ ಉಸ್ತುವಾರಿ ಹೊತ್ತವರು, ದಾಖಲೆಯನ್ನು ಬೇರೆಯವರು ತಿದ್ದದಂತೆ ಏನೇನು ಕಾಪು ಇದೆಯೆಂದು ಬರೆದುಕೊಡಬೇಕು. ಕಾಗದದ ಮೇಲೆ ಇದು ಒಳ್ಳೆಯ ಕಾಪೇ. ಆದರೆ ಆ ಪ್ರಮಾಣಪತ್ರಕ್ಕೆ ರುಜು ಹಾಕುವವನು ಯಂತ್ರದ ಒಳಗನ್ನು ನಿಜವಾಗಿ ನೋಡಿರಬೇಕು. ಅಚ್ಚು ಹಾಕಿಸಿಟ್ಟ ನಮೂನೆಗೆ ರುಜು ಹಾಕಿದರೆ ಅದು ಪ್ರಮಾಣವೂ ಅಲ್ಲ, ಪತ್ರವೂ ಅಲ್ಲ.

ಇನ್ನೊಂದು ಮಾತನ್ನು ನೌಕರಿ ಮಾಡುವವರು ನೆನಪಿಡಬೇಕು. ಈ ಕಾಪು ಇರುವುದು ಕೋರ್ಟಿನಲ್ಲಿ. ಸಂಸ್ಥೆಯೊಳಗಿನ ಇಲಾಖಾ ವಿಚಾರಣೆಗೆ ಸಾಕ್ಷ್ಯ ಕಾಯಿದೆಯ ಕಟ್ಟುನಿಟ್ಟು ಅನ್ವಯಿಸದು. ಬಸ್ಸಿನ ಕಂಡಕ್ಟರೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ೧೯೭೭ರಲ್ಲಿಯೇ ಇದನ್ನು ಹೇಳಿದೆ. ನಮ್ಮಂಥವರ ಅನ್ನ ಹೋಗುವುದು ಹೆಚ್ಚಾಗಿ ಕೋರ್ಟಿನಲ್ಲಲ್ಲ, ಇಂತಹ ವಿಚಾರಣೆಯ ಕೋಣೆಯಲ್ಲಿ. ಅಲ್ಲಿ ಯಂತ್ರದ ಒಂದು ಹಾಳೆಯನ್ನು ಮುಂದಿಟ್ಟರೆ ಸಾಕಾಗುವುದುಂಟು. ಆದ್ದರಿಂದ ಆ ಕೋಣೆಯಲ್ಲಿಯೂ ಯಂತ್ರದ ಪೂರ್ಣ ದಾಖಲೆಯನ್ನು ನೋಡುವ ಹಕ್ಕು ನೌಕರನಿಗೆ ಇರಬೇಕೆಂದು ಸಂಘಗಳು ಕೇಳಬೇಕು, ಒಡೆಯನಾದ ಸರ್ಕಾರ ಅದನ್ನು ನಿಯಮವಾಗಿ ಬರೆಯಬೇಕು.

ನಮ್ಮ ಅಂಚೆ ಇಲಾಖೆಯ ಹೊಸ ಗಣಕ ವ್ಯವಸ್ಥೆಯನ್ನು ಸಿದ್ಧಪಡಿಸಿದ್ದು ಮೈಸೂರಿನಲ್ಲಿರುವ ಇಲಾಖೆಯದೇ ತಂತ್ರಜ್ಞಾನ ಕೇಂದ್ರ ಎಂಬುದು ಕನ್ನಡಿಗರಿಗೆ ಹೆಮ್ಮೆಯ ವಿಷಯ. ಅದನ್ನು ಮೊದಲು ಕರ್ನಾಟಕದಲ್ಲಿ ಪ್ರಯೋಗಿಸಿ ನೋಡಿ, ೨೦೨೫ರ ಆಗಸ್ಟ್ ಹೊತ್ತಿಗೆ ದೇಶದ ಒಂದೂವರೆ ಲಕ್ಷಕ್ಕೂ ಹೆಚ್ಚು ಅಂಚೆ ಕಛೇರಿಗಳಿಗೆ ವಿಸ್ತರಿಸಿದರು. ವಿಜಯವಾಡದ ದೊಡ್ಡ ಕಛೇರಿಯೂ, ಅರಕು ಕಣಿವೆಯ ಕಡೆಯ ಸಣ್ಣ ಹಳ್ಳಿಯ ಕಛೇರಿಯೂ ಈಗ ಅದೇ ಲೆಕ್ಕವನ್ನು ನಂಬಿವೆ. ಹಳ್ಳಿಯ ಆ ಪೋಸ್ಟ್‌ಮಾಸ್ಟರು ತಕರಾರು ಹೇಳಿದರೆ ಅದನ್ನು ಕೇಳಿ, ದಾಖಲಿಸಿ, ಮೈಸೂರಿನ ತನಕ ಮುಟ್ಟಿಸುವ ದಾರಿ ತೆರೆದಿರಲಿ ಎಂಬುದು ನಮ್ಮ ಹಾರೈಕೆ. ಹೆಮ್ಮೆ ಉಳಿಯುವುದು ಅದರಿಂದಲೇ.

ಇಲ್ಲೇ ಹತ್ತಿರದ ಸಿಂಹಾಚಲಕ್ಕೆ ನಾವೆಲ್ಲ ಹೋಗಿ ಬರುತ್ತೇವೆ. ೧೬ನೆಯ ಶತಮಾನದಲ್ಲಿ ಕೃಷ್ಣದೇವರಾಯರು ಅಲ್ಲಿಗೆ ಬಂದು ಕೊಟ್ಟ ಕಾಣಿಕೆಗಳ ಶಾಸನ ಆ ಗುಡಿಯಲ್ಲಿದೆ. ರಾಯರು ಕನ್ನಡಿಗರೋ ತೆಲುಗರೋ ಎಂಬ ಜಗಳ ನಮಗೆ ಬೇಡ. ನಾವು ಗಮನಿಸಬೇಕಾದುದು, ಕೊಟ್ಟವರು ಯಾರು, ಕೊಟ್ಟದ್ದೇನು ಎಂಬ ಲೆಕ್ಕವನ್ನು ಬಂದವರೆಲ್ಲ ಓದಲಿ ಎಂದು ಕಲ್ಲಿನ ಮೇಲೆ ಇಟ್ಟ ಕ್ರಮವನ್ನು. ಯಾರು ಬೇಕಾದರೂ ಓದಿ ಪ್ರಶ್ನಿಸಬಹುದಾದುದೇ ಲೆಕ್ಕ. ಪ್ರಶ್ನಿಸಲು ಎಡೆಯಿಲ್ಲದುದು ಆಜ್ಞೆ.

ಕೊನೆಯದಾಗಿ, ಈ ಉಪನ್ಯಾಸಕ್ಕೆ ಸಂಘದ ಸಭೆಯನ್ನೇ ಏಕೆ ಆರಿಸಿಕೊಂಡೆವು ಎಂಬುದನ್ನು ಹೇಳಬೇಕು. ಬ್ರಿಟನ್ನಿನ ಆ ಸಬ್ ಪೋಸ್ಟ್‌ಮಾಸ್ಟರರು ಸೋತದ್ದು "ನಿಮಗೊಬ್ಬರಿಗೇ ಈ ತೊಂದರೆ" ಎಂಬ ಮಾತನ್ನು ನಂಬಿದ್ದರಿಂದ. ೨೦೦೯ರ ಮೇ ತಿಂಗಳಿನಲ್ಲಿ ಕಂಪ್ಯೂಟರ್ ವೀಕ್ಲಿ ಎಂಬ ಪತ್ರಿಕೆ ಅವರಲ್ಲಿ ಏಳು ಮಂದಿಯ ಕತೆಯನ್ನು ಒಟ್ಟಾಗಿ ಅಚ್ಚು ಹಾಕಿತು. ಅದೇ ವರ್ಷದ ನವೆಂಬರಿನಲ್ಲಿ ಫೆನ್ನಿ ಕಾಂಪ್ಟನ್ ಎಂಬ ಹಳ್ಳಿಯ ಸಭಾಭವನದಲ್ಲಿ ಅವರು ಮೊದಲ ಬಾರಿ ಒಟ್ಟಿಗೆ ಕುಳಿತರು. ತನ್ನದೇ ಕತೆಯನ್ನು ಪಕ್ಕದವನು ಹೇಳುವುದನ್ನು ಒಬ್ಬೊಬ್ಬರೂ ಕೇಳಿದರು. ಅಂದಿನಿಂದಲೇ ಯಂತ್ರದ ಸೋಲು ಆರಂಭವಾಯಿತು. ಮಂತ್ರಿಗಳಿಂದ, ಮಂಡಲಿಗಳಿಂದ, ದುಬಾರಿ ವಕೀಲರಿಂದ ಆಗದ ಮೇಲ್ವಿಚಾರಣೆಯನ್ನು ಆ ಹಳ್ಳಿಯ ಸಭೆ ಮಾಡಿತು.

ಆದುದರಿಂದ ನಮ್ಮ ಬಿನ್ನಹ ಇಷ್ಟೆ. ಕೌಂಟರಿನಲ್ಲಿ ಕೆಲಸ ಮಾಡುವ ನಮ್ಮ ಮಕ್ಕಳು ತಿಳಿಯದ ಕೊರತೆಗೆ ಮೌನವಾಗಿ ರುಜು ಹಾಕದಿರಲಿ. ಹಾಕಲೇಬೇಕಾದರೆ ತಕರಾರನ್ನು ಬರೆದು, ಅದರ ನಕಲನ್ನು ಮನೆಯಲ್ಲಿಡಲಿ. ಬ್ಯಾಂಕು, ಅಂಚೆ, ರೈಲ್ವೆ ಯಾವುದೇ ಸಾರ್ವಜನಿಕ ಸಂಸ್ಥೆಯಾಗಲಿ, ೨೦೦೫ರ ಮಾಹಿತಿ ಹಕ್ಕಿನ ಕಾಯಿದೆಯಲ್ಲಿ ಕೇಳಬಹುದಾದುದನ್ನು ಕೇಳಲಿ. ಒಬ್ಬರಿಗೆ ಕಷ್ಟ ಬಂದರೆ ನಾಚಿಕೆಯಿಂದ ಬಾಗಿಲು ಮುಚ್ಚಿಕೊಳ್ಳದೆ ಸಂಘಕ್ಕೆ ಬಂದು ಹೇಳಲಿ. ವಿಶಾಖಪಟ್ಟಣದವರಿಗೆ ಆದದ್ದು ವಿಜಯವಾಡದವರಿಗೂ ಆಗಿದೆಯೆ ಎಂದು ವಿಚಾರಿಸುವುದಕ್ಕೆ ಒಂದು ಕಾಗದ ಸಾಕು. ಹಬ್ಬಕ್ಕೆ ಸೇರುವ ನಾವು ಕಷ್ಟಕ್ಕೂ ಸೇರುವಂತಾದರೆ ಪರಸ್ಥಳದಲ್ಲಿ ಕಟ್ಟಿದ ಈ ಸಂಘ ಸಾರ್ಥಕವಾದಂತೆ.

 ಸಿರಿಗನ್ನಡಂ ಗೆಲ್ಗೆ.